ಮೂರು ಗುಳಿಯ ಬಾಟಲಿ: ಹೆಸರಿಗಿಂತ ಮೊದಲು ಅಳತೆ ಓದಿ

ಪ್ರಶ್ನೆ: ಅಮೆರಿಕದಲ್ಲಿ ಬಹಳ ವರ್ಷ ಇದ್ದ ಚಿಕ್ಕಪ್ಪ ಅಲ್ಲಿಯ ಮನೆ ಖಾಲಿ ಮಾಡಿಕೊಂಡು ಬರುವಾಗ ಒಂದು ವಿಸ್ಕಿ ಬಾಟಲಿ ತಂದುಕೊಟ್ಟರು. ಮೂರು ಮುಖದ ಬಾಟಲಿ, ಪ್ರತಿ ಮುಖದಲ್ಲೂ ಹೆಬ್ಬೆರಳಿನಿಂದ ಒತ್ತಿದ ಹಾಗೆ ಒಂದು ತಗ್ಗು, ಮೈಮೇಲೆ ಚಿನ್ನದ ಬಣ್ಣದ ತಂತಿಯ ಬಲೆ. ಹೆಸರು ‘ಪಿಂಚ್’, ಜೊತೆಗೆ ‘ಹೇಗ್ ಅಂಡ್ ಹೇಗ್’, 12 ವರ್ಷ, 86.8 ಪ್ರೂಫ್, 4/5 ಕ್ವಾರ್ಟ್ ಎಂದಿದೆ. ಮುಚ್ಚಳದ ಮೇಲೆ ಕೆಂಪು ಕಾಗದದ ಪಟ್ಟಿ ಅಂಟಿದೆ. ಬಾರ್‌ಕೋಡ್ ಇಲ್ಲ, ತಯಾರಾದ ವರ್ಷವೂ ಇಲ್ಲ. ಶಿವಮೊಗ್ಗದ ಅಂಗಡಿಗಳಲ್ಲಿ ಕೇಳಿದರೆ ಈ ಹೆಸರೇ ಗೊತ್ತಿಲ್ಲ ಎನ್ನುತ್ತಾರೆ. ಇದು ನಿಜವಾದ ಸ್ಕಾಚ್ ಹೌದೇ? ಎಷ್ಟು ಹಳೆಯದು? ಈಗ ಕುಡಿಯಬಹುದೇ? ಬೆಲೆ ಏನಾದರೂ ಇದೆಯೇ?

ಉತ್ತರ: ನಿಮ್ಮ ಕೈಯಲ್ಲಿರುವುದು ಹೇಗ್ ಮನೆತನದ ‘ಡಿಂಪಲ್’. ಸ್ಕಾಟ್ಲೆಂಡಿನ ಈ ಬ್ಲೆಂಡೆಡ್ (ಮಿಶ್ರಣದ) ವಿಸ್ಕಿ ಉಳಿದ ದೇಶಗಳಲ್ಲಿ ಡಿಂಪಲ್ ಎಂದೂ ಅಮೆರಿಕದಲ್ಲಿ ಪಿಂಚ್ ಎಂದೂ ಮಾರಾಟವಾಯಿತು. ಡಿಂಪಲ್ ಎಂದರೆ ಕೆನ್ನೆಯ ಗುಳಿ, ಪಿಂಚ್ ಎಂದರೆ ಚಿವುಟಿದ್ದು. ಎರಡು ಹೆಸರೂ ಗಾಜಿನ ಆ ತಗ್ಗಿನಿಂದಲೇ ಬಂದವು. ಅಂಗಡಿಯವರಿಗೆ ಗೊತ್ತಿಲ್ಲದ್ದು ಸಹಜ, ಇದು ನಮ್ಮ ಮಾರುಕಟ್ಟೆಗೆ ತಯಾರಾದ ಬಾಟಲಿಯಲ್ಲ. ನೀವು ಬರೆದ ವಿವರಗಳನ್ನು ನೋಡಿದರೆ ಇದನ್ನು ತುಂಬಿದ್ದು 1979 ಮುಗಿಯುವುದರೊಳಗೆ. ಎಷ್ಟು ಹಿಂದೆ ಎಂಬುದನ್ನು ನೀವೇ ಐದು ನಿಮಿಷದಲ್ಲಿ ಕಂಡುಕೊಳ್ಳಬಹುದು.

ಅಪರಿಚಿತ ಬಾಟಲಿ ಸಿಕ್ಕಾಗ ಎಲ್ಲರೂ ಮೊದಲು ಓದುವುದು ದೊಡ್ಡ ಅಕ್ಷರದ ಹೆಸರನ್ನು. ಅದರಿಂದ ತಿಳಿಯುವುದು ಕಡಿಮೆ. ಸ್ಕಾಟ್ಲೆಂಡಿನ ಬ್ಲೆಂಡಿಂಗ್ ಕಂಪನಿಗಳು ಒಂದೇ ವಿಸ್ಕಿಗೆ ದೇಶಕ್ಕೊಂದು ಹೆಸರು ಕೊಟ್ಟಿವೆ, ಸೂಪರ್‌ಮಾರ್ಕೆಟ್‌ಗಳಿಗೂ ಹೋಟೆಲುಗಳಿಗೂ ಅವರವರದೇ ಹೆಸರಿನ ಲೇಬಲ್ ಅಂಟಿಸಿ ಕೊಟ್ಟಿವೆ. ಹೆಸರನ್ನು ಕಂಪನಿ ತನ್ನಿಷ್ಟದಂತೆ ಇಡುತ್ತದೆ. ಆದರೆ ಪ್ರಮಾಣ, ಮದ್ಯಸಾರದ ಅಂಕಿ, ಸುಂಕದ ಪಟ್ಟಿ, ಎಚ್ಚರಿಕೆಯ ವಾಕ್ಯ ಇವೆಲ್ಲ ಕಾನೂನಿನ ಒತ್ತಾಯಕ್ಕೆ ಅಚ್ಚಾದವು. ಕಾನೂನು ಬದಲಾದ ತಾರೀಖು ನಮಗೆ ಗೊತ್ತಿರುವುದರಿಂದ ಬಾಟಲಿಯ ಕಾಲ ಅಲ್ಲಿ ಸಿಕ್ಕಿಬೀಳುತ್ತದೆ.

ಮೊದಲು ಪ್ರಮಾಣ ನೋಡಿ. 4/5 ಕ್ವಾರ್ಟ್ ಎಂದರೆ ಅಮೆರಿಕದ ಗ್ಯಾಲನ್ನಿನ ಐದನೇ ಒಂದು ಭಾಗ, ಸುಮಾರು 757 ಮಿ.ಲೀ. ಅಮೆರಿಕದಲ್ಲಿ ಮದ್ಯದ ಬಾಟಲಿಗಳಿಗೆ 1980ರ ಜನವರಿ 1ರಿಂದ ಮೆಟ್ರಿಕ್ ಅಳತೆ ಕಡ್ಡಾಯವಾಯಿತು, ಐದನೇ ಒಂದು ಗ್ಯಾಲನ್ನಿನ ಜಾಗಕ್ಕೆ 750 ಮಿ.ಲೀ. ಬಂತು. ಹಾಗಾಗಿ 4/5 ಕ್ವಾರ್ಟ್ ಎಂದಿದ್ದರೆ ಅದು 1980ಕ್ಕಿಂತ ಹಿಂದಿನದು. ಬ್ರಿಟನ್ನಿನ ಹಳೆಯ ಬಾಟಲಿಯ ಮೇಲೆ 26 2/3 ಫ್ಲೂಯಿಡ್ ಔನ್ಸ್ ಎಂದಿರುತ್ತದೆ. ಅದು ಇಂಪೀರಿಯಲ್ ಗ್ಯಾಲನ್ನಿನ ಆರನೇ ಒಂದು ಭಾಗ. ಗ್ಯಾಲನ್ ಬೇರೆ, ಭಾಗ ಬೇರೆ, ಆದರೂ ಎರಡರ ಅಳತೆಯಲ್ಲಿ ಒಂದು ಮಿ.ಲೀ. ಕೂಡ ವ್ಯತ್ಯಾಸವಿಲ್ಲ. ಅದಕ್ಕೇ ಹಳೆಯ ಬ್ರಿಟಿಷ್ ಮತ್ತು ಅಮೆರಿಕನ್ ಬಾಟಲಿಗಳು ಅಕ್ಕಪಕ್ಕ ಇಟ್ಟರೆ ಒಂದೇ ಗಾತ್ರ ಕಾಣುತ್ತವೆ. ಬೇರೆ ಓದುಗರಿಗೆ ಬೇಕಾದರೆ: ಯುರೋಪಿನ ಈಗಿನ ಅಳತೆ 70 ಸೆಂಟಿಲೀಟರ್, ಅದು 1990ರ ಆಸುಪಾಸಿನಲ್ಲಿ ಬಂದದ್ದು. ಬ್ರಿಟಿಷ್ ಬಾಟಲಿಯ ಮೇಲೆ 75 ಸೆಂಟಿಲೀಟರ್ ಕಂಡರೆ ಅದಕ್ಕೂ ಹಿಂದಿನದು. ಆದರೆ ಭಾರತ ಮತ್ತು ಅಮೆರಿಕಕ್ಕೆಂದು ತುಂಬಿದ ಬಾಟಲಿಗಳಲ್ಲಿ ಇತ್ತೀಚಿನವರೆಗೂ 750 ಮಿ.ಲೀ. ಇದ್ದುದರಿಂದ ಅವುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಒಂದು ಲೀಟರಿನದು ಹೆಚ್ಚಾಗಿ ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯ ಸರಕು.

ಎರಡನೆಯದು ಪ್ರೂಫ್, ಅಂದರೆ ಮದ್ಯಸಾರ ಎಷ್ಟಿದೆ ಎಂಬುದರ ಅಳತೆ. ಇಲ್ಲಿ ಎಡವುವವರೇ ಹೆಚ್ಚು. ಅಮೆರಿಕದ ಪ್ರೂಫ್ ಶೇಕಡಾವಾರಿನ ಎರಡರಷ್ಟು. ನಿಮ್ಮ 86.8 ಎಂದರೆ ಶೇ. 43.4 ಮದ್ಯಸಾರ. ಬ್ರಿಟನ್ನಿನ ಪ್ರೂಫ್ ಬೇರೆಯೇ ಲೆಕ್ಕ, ಅಲ್ಲಿ 100 ಪ್ರೂಫ್ ಎಂದರೆ ಶೇ. 57.1. ಹಾಗಾಗಿ ಹಳೆಯ ಬ್ರಿಟಿಷ್ ಲೇಬಲ್ಲಿನ 70 ಪ್ರೂಫ್ ಈಗಿನ ಶೇ. 40, 75 ಪ್ರೂಫ್ ಸುಮಾರು ಶೇ. 42.8. ನಮ್ಮ ದೇಶದ ಬಾಟಲಿಗಳ ಮೇಲೆ ಕಾಣುವ 42.8 ಎಂಬ ವಿಚಿತ್ರ ಅಂಕಿಯ ಮೂಲವೂ ಈ ಬ್ರಿಟಿಷ್ 75 ಪ್ರೂಫೇ. ಅಬಕಾರಿಯವರು ಅದನ್ನೇ 25 ಯುಪಿ (ಅಂಡರ್ ಪ್ರೂಫ್) ಎನ್ನುತ್ತಾರೆ, ಅಂದರೆ ನೂರಕ್ಕೆ ಇಪ್ಪತ್ತೈದು ಕಡಿಮೆ. ಬ್ರಿಟನ್ 1980ರಲ್ಲಿ ಪ್ರೂಫ್ ಬಿಟ್ಟು ಶೇಕಡಾವಾರಿಗೆ ಬಂತು. ಅಮೆರಿಕದಲ್ಲಿ ಅದು ಈಗಲೂ ಬಳಕೆಯಲ್ಲಿದೆ, ಆದ್ದರಿಂದ ನಿಮ್ಮ ಬಾಟಲಿಯ ಪ್ರೂಫ್ ದೇಶವನ್ನು ಹೇಳುತ್ತದೆ, ಕಾಲವನ್ನು ಹೇಳುವುದಿಲ್ಲ.

ಮೂರನೆಯದು ಕೆಂಪು ಪಟ್ಟಿ. ಅದು ಅಲಂಕಾರವಲ್ಲ, ಅಮೆರಿಕ ಸರ್ಕಾರದ ಸುಂಕದ ಪಟ್ಟಿ. ಸರ್ಕಾರದ ಮೇಲ್ವಿಚಾರಣೆಯ ಗೋದಾಮಿನಲ್ಲಿ ಮಾಗಿಸಿ ತುಂಬಿದ ಅವರದೇ ವಿಸ್ಕಿಗೆ ಹಸಿರು ಪಟ್ಟಿ, ಉಳಿದದ್ದಕ್ಕೆ ಕೆಂಪು. 1985ರಲ್ಲಿ ಈ ಪದ್ಧತಿ ನಿಂತಿತು. ಜೊತೆಗೆ 1989ರ ನವೆಂಬರಿನಿಂದ ಅಲ್ಲಿ ಕಡ್ಡಾಯವಾದ, ಗರ್ಭಿಣಿಯರು ಮತ್ತು ವಾಹನ ಚಾಲಕರಿಗೆ ಎಚ್ಚರಿಕೆ ಹೇಳುವ ವಾಕ್ಯ ನಿಮ್ಮ ಲೇಬಲ್ಲಿನಲ್ಲಿ ಇರಬಾರದು. ಇದ್ದರೆ ಉಳಿದ ಗುರುತುಗಳಿಗೂ ಅದಕ್ಕೂ ಹೊಂದಾಣಿಕೆಯಿಲ್ಲ, ಅನುಮಾನಪಡಬೇಕು.

ಇನ್ನು ನೀವು ಮಾಡಬೇಕಾದ ಕೆಲಸ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಬಾಟಲಿಯ ಪಕ್ಕದಿಂದ ಓರೆಯಾಗಿ ಹಾಯಿಸಿ, ಭುಜದ ಹತ್ತಿರ ಮತ್ತು ತಳದ ಸುತ್ತ ಗಾಜಿನಲ್ಲೇ ಉಬ್ಬಿದ ಅಕ್ಷರಗಳಿವೆಯೇ ನೋಡಿ. ಈ ಬಾಟಲಿಯ ಮಾರಾಟ ಅಥವಾ ಮರುಬಳಕೆಯನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು 1935ರಿಂದ 1964ರವರೆಗೆ ಅಮೆರಿಕದ ಮದ್ಯದ ಬಾಟಲಿಗಳ ಗಾಜಿನಲ್ಲಿ ಅಚ್ಚು ಹಾಕಲೇಬೇಕಿತ್ತು. ಆ ವಾಕ್ಯ ಇಲ್ಲದಿದ್ದರೆ ನಿಮ್ಮ ಬಾಟಲಿ 1964ರಿಂದ 1979ರ ನಡುವಿನದು. ಇದ್ದರೆ ಅದಕ್ಕಿಂತ ಹಿಂದಿನದು. ಅಚ್ಚುಗಳು ಒಂದೇ ದಿನ ಬದಲಾಗುವುದಿಲ್ಲ, ಉಳಿದ ಗಾಜು ಖರ್ಚಾಗುವವರೆಗೂ ಬಳಕೆಯಾಗುತ್ತದೆ, ಹಾಗಾಗಿ ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿ. ಹಣದ ನೋಟು ಪರೀಕ್ಷಿಸುವ ನೀಲಿ ದೀಪದಲ್ಲಿ ಲೇಬಲ್ ನೋಡುವಂತೆ ಕೆಲವರು ಹೇಳುತ್ತಾರೆ. ಹೊಳಪು ಬರಿಸುವ ರಾಸಾಯನಿಕ ಕಾಗದಕ್ಕೆ ಸೇರತೊಡಗಿದ್ದು 1950ರ ಸುಮಾರಿಗೆ, ನಿಮ್ಮ ಬಾಟಲಿಯ ಕಾಲದ ಕಾಗದ ಹೊಳೆದರೂ ಹೊಳೆಯದಿದ್ದರೂ ಏನೂ ಸಾಬೀತಾಗುವುದಿಲ್ಲ.

ಹೊಸ ಬಾಟಲಿಗಳಿಗೆ ಗುರುತುಗಳು ಬೇರೆ. ಗಾಜಿನ ತಳದಂಚಿನಲ್ಲೋ ಲೇಬಲ್ಲಿನ ಹಿಂದೋ ಇಂಗ್ಲಿಷಿನ ಎಲ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇದ್ದರೆ ಅದು ಒಟ್ಟಿಗೆ ತುಂಬಿದ ಬಾಟಲಿಗಳ ಗುಂಪಿನ ಗುರುತು, 1990ರ ದಶಕದಿಂದ ಈಚಿನದು ಎಂದರ್ಥ. 2006ರಿಂದ 2025ರವರೆಗೆ ಬ್ರಿಟನ್ನಿನ ಒಳಗೆ ಮಾರುವ ಬಾಟಲಿಗಳಿಗೆ ಸುಂಕದ ಮುದ್ರೆ ಇತ್ತು. ಜರ್ಮನಿಗೆಂದು ತುಂಬಿದ್ದರ ಮೇಲೆ ‘ಮಿಟ್ ಫಾರ್ಬ್‌ಸ್ಟಾಫ್’ ಎಂದಿರುತ್ತದೆ, ಬಣ್ಣ ಸೇರಿದೆ ಎಂದರ್ಥ. ಬ್ರಿಟಿಷ್ ಅರಮನೆಯ ಮುದ್ರೆ ಇರುವ ಬ್ರ್ಯಾಂಡುಗಳಲ್ಲಿ ‘ದಿವಂಗತ ದೊರೆ ಆರನೇ ಜಾರ್ಜ್’ ಎಂಬ ಮಾತು ಕಂಡರೆ 1952ರ ನಂತರದ ಕೆಲವೇ ವರ್ಷಗಳದು. ಬಾರ್‌ಕೋಡ್ 50ರಿಂದ ಶುರುವಾದರೆ ಬ್ರಿಟನ್ನಿನಲ್ಲಿ ನೋಂದಾಯಿತ, 890 ಆದರೆ ಭಾರತದಲ್ಲಿ ನೋಂದಾಯಿತ ಅಂಕಿ. ಅದು ಕಂಪನಿಯ ನೋಂದಣಿ ಮಾತ್ರ, ಒಳಗಿರುವ ಮದ್ಯ ಎಲ್ಲಿಯದು ಎಂಬುದಕ್ಕೆ ಸಾಕ್ಷಿಯಲ್ಲ.

ಈಗ ‘ನಿಜವಾದ ಸ್ಕಾಚ್’ ಎಂಬ ಪ್ರಶ್ನೆ. ಸ್ಕಾಟ್ಲೆಂಡಿನಲ್ಲೇ ಭಟ್ಟಿ ಇಳಿಸಿ, ಅಲ್ಲಿಯೇ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಾಗಿಸಿದ್ದು ಮಾತ್ರ ಸ್ಕಾಚ್. 2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ ಪೀಪಾಯಿ 700 ಲೀಟರಿಗಿಂತ ದೊಡ್ಡದಿರಬಾರದು, ಬಾಟಲಿಗೆ ಹೋಗುವಾಗ ಮದ್ಯಸಾರ ಶೇ. 40ಕ್ಕಿಂತ ಕಡಿಮೆ ಇರಬಾರದು, ನೀರು ಮತ್ತು ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ ಬಿಟ್ಟು ಬೇರೇನೂ ಸೇರಬಾರದು. ಬ್ಲೆಂಡೆಡ್ ಸ್ಕಾಚ್ ಎಂದರೆ ಮೊಳಕೆ ಕಟ್ಟಿದ ಬಾರ್ಲಿಯಿಂದ ತಾಮ್ರದ ಹಂಡೆಯಲ್ಲಿ ಇಳಿಸಿದ ಮಾಲ್ಟ್ ವಿಸ್ಕಿ, ಗೋಧಿ ಅಥವಾ ಮೆಕ್ಕೆಜೋಳದಿಂದ ಎತ್ತರದ ಸ್ತಂಭಗಳಲ್ಲಿ ಇಳಿಸಿದ ಗ್ರೇನ್ ವಿಸ್ಕಿ, ಇವೆರಡರ ಮಿಶ್ರಣ. ‘ಬ್ಲೆಂಡೆಡ್ ಮಾಲ್ಟ್’ ಎಂದಿದ್ದರೆ ಗ್ರೇನ್ ಇಲ್ಲ, ಹಲವು ಡಿಸ್ಟಿಲರಿಗಳ ಮಾಲ್ಟ್ ಮಾತ್ರ. ಜಾನಿ ವಾಕರ್ ಸಾಲಿನಲ್ಲಿ ರೆಡ್, ಬ್ಲ್ಯಾಕ್ ಲೇಬಲ್ಲುಗಳು ಬ್ಲೆಂಡೆಡ್ ಸ್ಕಾಚ್, ಗ್ರೀನ್ ಲೇಬಲ್ ಬ್ಲೆಂಡೆಡ್ ಮಾಲ್ಟ್. ಒಂದೇ ಬ್ರ್ಯಾಂಡ್, ಒಂದೇ ಆಕಾರದ ಬಾಟಲಿ, ಒಳಗೆ ಬೇರೆ ವರ್ಗ. ಹಳೆಯ ಲೇಬಲ್ಲುಗಳಲ್ಲಿ ಬ್ಲೆಂಡೆಡ್ ಮಾಲ್ಟಿಗೇ ‘ವ್ಯಾಟೆಡ್ ಮಾಲ್ಟ್’, ‘ಪ್ಯೂರ್ ಮಾಲ್ಟ್’ ಎಂದಿರುತ್ತದೆ.

ನಮ್ಮಲ್ಲಿ ಉಡುಗೊರೆಯಾಗಿ ಬರುವ ಬಾಟಲಿಗಳಲ್ಲಿ ಇನ್ನೂ ಎರಡು ಗೊಂದಲಗಳಿವೆ. ಭಾರತದಲ್ಲಿ ತುಂಬಿದ್ದು ಎಂದು ಬರೆದ ತಕ್ಷಣ ಅದು ಸ್ಕಾಚ್ ಅಲ್ಲವೆಂದಾಗುವುದಿಲ್ಲ. ಟೀಚರ್ಸ್, ವ್ಯಾಟ್ 69, ಬ್ಲ್ಯಾಕ್ ಅಂಡ್ ವೈಟ್, 100 ಪೈಪರ್ಸ್ ಮೊದಲಾದವು ಸ್ಕಾಟ್ಲೆಂಡಿನಲ್ಲಿ ಮಾಗಿ, ದೊಡ್ಡ ಪಾತ್ರೆಗಳಲ್ಲಿ ಬಂದು ಇಲ್ಲಿ ಬಾಟಲಿ ಸೇರುತ್ತವೆ. ಬ್ಲೆಂಡೆಡ್ ಸ್ಕಾಚಿಗೆ ಇದಕ್ಕೆ ಅವಕಾಶವಿದೆ. ಸಿಂಗಲ್ ಮಾಲ್ಟಿಗೆ (ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿಗೆ) ಮಾತ್ರ 2012ರ ನವೆಂಬರಿನಿಂದ ಸ್ಕಾಟ್ಲೆಂಡಿನಲ್ಲೇ ಬಾಟಲಿ ತುಂಬಬೇಕೆಂಬ ನಿಯಮ. ಇನ್ನೊಂದು ಕಡೆ, ‘ಸ್ಕಾಚ್ ಮಾಲ್ಟ್ ಬೆರೆಸಿದ’ ಎಂದು ಹೇಳಿಕೊಳ್ಳುವ ವಿಸ್ಕಿ ಸ್ಕಾಚ್ ಅಲ್ಲ. ಕಾಕಂಬಿಯಿಂದಲೋ ಧಾನ್ಯದಿಂದಲೋ ಇಲ್ಲಿ ತಯಾರಿಸಿದ ಮದ್ಯಕ್ಕೆ ಸ್ವಲ್ಪ ಸ್ಕಾಚ್ ಸೇರಿರುತ್ತದೆ, ಅಷ್ಟೆ. ಹೆಸರು ನೋಡಿ ತೀರ್ಮಾನಿಸಬಾರದು ಎಂಬುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಖೋಡೆಯವರು 1968ರಿಂದ ತಯಾರಿಸಿದ ‘ಪೀಟರ್ ಸ್ಕಾಟ್’ ಭಾರತದ ವಿಸ್ಕಿ. ಹೆಸರಿನಲ್ಲಿ ಸ್ಕಾಟ್ ಇರಬಾರದೆಂದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ ಹೂಡಿದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಷ್ಟು ವರ್ಷ ಸುಮ್ಮನಿದ್ದು ತಡವಾಗಿ ಬಂದಿರಿ ಎಂಬ ಕಾರಣಕ್ಕೆ 2008ರಲ್ಲಿ ತೀರ್ಪು ಖೋಡೆಯವರ ಪರವಾಯಿತು. ಹೆಸರು ಉಳಿಯಿತು, ವಿಸ್ಕಿ ಮಾತ್ರ ಸ್ಕಾಚ್ ಆಗಲಿಲ್ಲ.

ನಿಮ್ಮ ಪಿಂಚ್ ಬಗ್ಗೆ ಅಂಥ ಅನುಮಾನವಿಲ್ಲ. ಹೇಗ್ ಸ್ಕಾಚಿನ ಅತಿ ಹಳೆಯ ಹೆಸರುಗಳಲ್ಲಿ ಒಂದು. 1655ರಲ್ಲಿ ರಾಬರ್ಟ್ ಹೇಗ್ ಎಂಬಾತ ಭಾನುವಾರ ಭಟ್ಟಿ ಹಚ್ಚಿದ್ದಕ್ಕೆ ಚರ್ಚಿನ ವಿಚಾರಣೆ ಎದುರಿಸಿದ್ದು ದಾಖಲೆಯಲ್ಲಿದೆ. ಅದೇ ವಂಶದ ಜಾನ್ ಹೇಗ್ 1824ರಲ್ಲಿ ಫೈಫ್ ಪ್ರಾಂತ್ಯದ ಕ್ಯಾಮರನ್‌ಬ್ರಿಜ್‌ನಲ್ಲಿ ಡಿಸ್ಟಿಲರಿ ಕಟ್ಟಿದ. ಗ್ರೇನ್ ವಿಸ್ಕಿಯ ಇತಿಹಾಸದಲ್ಲಿ ಆ ಊರಿಗೆ ದೊಡ್ಡ ಸ್ಥಾನವಿದೆ, ಈಗಲೂ ಅಲ್ಲಿ ಅಪಾರ ಪ್ರಮಾಣದಲ್ಲಿ ತಯಾರಾಗುತ್ತದೆ. ‘ಹೇಗ್ ಅಂಡ್ ಹೇಗ್’ ಎಂಬುದು 1888ರಲ್ಲಿ ಅಮೆರಿಕದ ಮಾರುಕಟ್ಟೆಗೆಂದು ಹುಟ್ಟಿದ ಪ್ರತ್ಯೇಕ ಕಂಪನಿ. ನಿಮ್ಮ ಲೇಬಲ್ಲಿನ ಜೋಡಿ ಹೇಗ್ ಅಲ್ಲಿಂದ ಬಂದದ್ದು. ಗುಳಿಯ ಬಾಟಲಿ 1890ರ ದಶಕದ್ದು. ತಂತಿಯ ಬಲೆಗೆ ಮೊದಲು ಕೆಲಸವಿತ್ತು, ಹಡಗಿನ ಕುಲುಕಾಟದಲ್ಲಿ ಬಿರಡೆ ಮೇಲೇಳದಂತೆ ಹಿಡಿಯುವುದು. ಮುಚ್ಚಳಗಳು ಸುಧಾರಿಸಿದ ಮೇಲೂ ಗುರುತಾಗಿ ಉಳಿದುಕೊಂಡಿತು. 1958ರಲ್ಲಿ ಅಮೆರಿಕ ಈ ಬಾಟಲಿಯ ಆಕಾರವನ್ನೇ ಟ್ರೇಡ್‌ಮಾರ್ಕ್ ಎಂದು ನೋಂದಾಯಿಸಿಕೊಂಡಿತು. ಅದಕ್ಕೇ ಹೇಳುತ್ತಿದ್ದೇನೆ, ಇಲ್ಲಿ ಹೆಸರಿಗಿಂತ ಗಾಜೇ ದೊಡ್ಡ ಸಾಕ್ಷಿ. ಬ್ರ್ಯಾಂಡ್ ಈಗ ಬ್ರಿಟನ್ನಿನ ಮದ್ಯ ಕಂಪನಿ ಡಿಯಾಜಿಯೊ ಕೈಯಲ್ಲಿದೆ.

12 ವರ್ಷ ಎಂಬ ಮಾತಿನ ಅರ್ಥ: ಮಿಶ್ರಣದಲ್ಲಿರುವ ಅತಿ ಕಿರಿಯ ವಿಸ್ಕಿ ಪೀಪಾಯಿಯಲ್ಲಿ ಕಳೆದ ಕಾಲ. ಬಾಟಲಿಗೆ ಬಂದ ಮೇಲೆ ವಿಸ್ಕಿ ಮಾಗುವುದಿಲ್ಲ. ಐವತ್ತು ವರ್ಷ ಕಪಾಟಿನಲ್ಲಿದ್ದರೂ ಅದು 12 ವರ್ಷದ ವಿಸ್ಕಿಯೇ, ಯಾರಾದರೂ 62 ವರ್ಷದ್ದು ಎಂದರೆ ನಂಬಬೇಡಿ.

ಕುಡಿಯುವ ಮಾತಿಗೆ ಬರೋಣ. ಇಲ್ಲಿ ನಾನು ಸಡಿಲ ಬಿಡುವುದಿಲ್ಲ. ಮೊದಲ ಷರತ್ತು, ಪಟ್ಟಿ ಮತ್ತು ಮುಚ್ಚಳದ ಮೇಲಿನ ಹೊದಿಕೆ ಅಖಂಡವಾಗಿರಬೇಕು. ಕೆಂಪು ಪಟ್ಟಿ ಮುಚ್ಚಳದ ಮೇಲಿಂದ ಕತ್ತಿನ ಎರಡೂ ಬದಿಗೆ ಇಳಿದಿರುತ್ತದೆ. ಹಳೆಯ ಕಾಗದ ಮಡಿಕೆಯಲ್ಲಿ ಬಿರಿಯುವುದು ಸಹಜ, ಬಿರುಕಿನ ಅಂಚು ಚಿಂದಿಯಾಗಿ ಬಣ್ಣ ಮಾಸಿರುತ್ತದೆ. ಬ್ಲೇಡಿನಿಂದ ಕೊಯ್ದಂಥ ನೇರ ಗೆರೆ, ಎರಡನೇ ಸಲ ಹಚ್ಚಿದ ಅಂಟಿನ ಹೊಳಪು, ಪಟ್ಟಿಯ ಎರಡು ಭಾಗಗಳ ಚಿತ್ತಾರ ಸೇರದಿರುವುದು, ಇವುಗಳಲ್ಲಿ ಒಂದು ಕಂಡರೂ ಕುಡಿಯಬೇಡಿ, ಪ್ರದರ್ಶನಕ್ಕಿಡಿ. ಕಲಬೆರಕೆ ಮದ್ಯದ ದೊಡ್ಡ ಅಪಾಯ ಮೀಥೈಲ್ ಆಲ್ಕೋಹಾಲ್. ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಮೂಗಿಗಾಗಲಿ ನಾಲಿಗೆಗಾಗಲಿ ಅದು ಸಿಗುವುದಿಲ್ಲ. ಬೆಂಕಿ ಹಚ್ಚಿ ಜ್ವಾಲೆಯ ಬಣ್ಣ ನೋಡುವುದು, ಅಂಗೈಗೆ ಉಜ್ಜಿ ಮೂಸುವುದು, ಅಲ್ಲಾಡಿಸಿ ಗುಳ್ಳೆ ಎಣಿಸುವುದು, ಇವು ಯಾವುವೂ ಪರೀಕ್ಷೆಯಲ್ಲ.

ಎರಡನೆಯದು ಮಟ್ಟ. ತುಂಬಿದಾಗ ಮದ್ಯ ಕತ್ತಿನೊಳಗೆ ನಿಂತಿರುತ್ತದೆ. ಇಷ್ಟು ವರ್ಷಗಳಲ್ಲಿ ಕತ್ತಿನ ಬುಡದವರೆಗೆ ಇಳಿದಿದ್ದರೆ ಸಹಜ ಆವಿ. ಭುಜದಿಂದ ತೀರ ಕೆಳಗಿದ್ದರೆ ಮುಚ್ಚಳ ಸೋರಿದೆ, ನೀರಿಗಿಂತ ಬೇಗ ಹಾರುವ ಮದ್ಯಸಾರವೂ ಪರಿಮಳವೂ ಹೋಗಿರುತ್ತವೆ. ಅದು ವಿಷವಾಗುವುದಿಲ್ಲ, ಸಪ್ಪೆಯಾಗುತ್ತದೆ. ಮೂರನೆಯದಾಗಿ ಬೆಳಕಿಗೆ ಹಿಡಿದು ಗಸಿ ನೋಡಿ. ಕಂದು ಚೂರುಗಳು ಬಿರಡೆಯ ಪುಡಿ. ತೆಳುವಾದ ಬಿಳಿ ಮಂಜು ತಣ್ಣಗಿದ್ದಾಗ ಬಂದು ಕೋಣೆಯ ಬಿಸಿಗೆ ಕರಗಿದರೆ ಅದು ವಿಸ್ಕಿಯದೇ ಕೊಬ್ಬಿನಂಶ, ಚಿಂತೆಯಿಲ್ಲ. ಕಪ್ಪು, ಹಸಿರು ಕಲೆಯಿರುವ ಗಸಿ ಮುಚ್ಚಳದ ಲೋಹದಿಂದ ಬಂದದ್ದಾಗಿರಬಹುದು, ಅದನ್ನು ಬಿಟ್ಟುಬಿಡಿ.

ತೆಗೆಯುವ ಮೊದಲು ಎಲ್ಲ ಬದಿಯಿಂದಲೂ ಚಿತ್ರ ತೆಗೆದಿಟ್ಟುಕೊಳ್ಳಿ, ಪಟ್ಟಿ ಒಮ್ಮೆ ಹರಿದರೆ ಹರಿಯಿತು. ತಂತಿಯನ್ನು ಮುಟ್ಟಬೇಕಿಲ್ಲ. ಹೊದಿಕೆ ಬಿಡಿಸಿದ ಮೇಲೆ ಒದ್ದೆ ಬಟ್ಟೆಯಿಂದ ಬಾಯಿಯನ್ನು ಎರಡು ಸಲ ಒರೆಸಿ, ಆ ಕಾಲದ ಹೊದಿಕೆಗಳಲ್ಲಿ ಸೀಸ ಇರುತ್ತಿತ್ತು. ಒಳಗೆ ತಿರುಪು ಇದ್ದರೆ ಬಟ್ಟೆ ಹಿಡಿದು ನಿಧಾನ ತಿರುಗಿಸಿ. ಬಿರಡೆ ಇದ್ದರೆ ನೇರ ಎಳೆಯಬೇಡಿ: ಒಣಗಿದ ಬಿರಡೆ ಮೇಲಿನ ತಲೆ ಮಾತ್ರ ಕೈಗೆ ಬಂದು ಉಳಿದದ್ದು ಕತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ರಾತ್ರಿ ಬಾಟಲಿಯನ್ನು ಎರಡು ನಿಮಿಷ ಓರೆ ಮಾಡಿ ಬಿರಡೆಗೆ ತೇವ ತಾಗಿಸಿ ಮತ್ತೆ ನೇರ ನಿಲ್ಲಿಸಿ. ಮರುದಿನ ಬಿರಡೆಯನ್ನು ಹಿಡಿದು ಬಾಟಲಿಯನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸಡಿಲಿಸಿ. ಮುರಿದರೆ ವೈನಿನ ತಿರುಪು ಕೊಕ್ಕೆ ಹಾಕಿ, ಅದೂ ಆಗದಿದ್ದರೆ ಒಳಕ್ಕೆ ತಳ್ಳಿ. ಕಾಫಿ ಸೋಸುವ ಕಾಗದದಲ್ಲಿ ಸೋಸಿ, ತೊಳೆದು ಒಣಗಿಸಿದ ಬೇರೆ ಗಾಜಿನ ಬಾಟಲಿಗೆ ತುಂಬಿ ಬಿಗಿಯಾದ ಹೊಸ ಮುಚ್ಚಳ ಹಾಕಿ. ಸೀಸದ ಕ್ರಿಸ್ಟಲ್ ಡಿಕ್ಯಾಂಟರಿನಲ್ಲಿ (ಮದ್ಯ ಬಡಿಸುವ ಅಲಂಕಾರದ ಹೂಜಿ) ದಿನಗಟ್ಟಲೆ ಇಡಬೇಡಿ.

ಮೊದಲ 30 ಮಿ.ಲೀ. ಬಗ್ಗಿಸಿ ಇಪ್ಪತ್ತು ನಿಮಿಷ ಹಾಗೇ ಬಿಡಿ. ಹಳೆಯ ಬಾಟಲಿಗೆ ಮೊದಲು ಹಳೆಯ ಪುಸ್ತಕದ ಕಪಾಟಿನ ವಾಸನೆ ಇರುತ್ತದೆ, ಗಾಳಿ ತಾಗಿದರೆ ಬಹುಪಾಲು ಹೋಗುತ್ತದೆ. ನೆನೆದ ರಟ್ಟಿನ ವಾಸನೆ ಹೋಗದೆ ಉಳಿದರೆ ಬಿರಡೆ ಕೆಟ್ಟಿದೆ. ಆಮೇಲೆ ಅಷ್ಟೇ ನೀರು ಸೇರಿಸಿ ಮೂಸಿ. ಮದ್ಯಸಾರ ಶೇ. 20ರ ಸುಮಾರಿಗೆ ಇಳಿದಾಗಲೇ ವಿಸ್ಕಿ ಮಿಶ್ರಣ ಮಾಡುವ ಪರಿಣತರು ಮೂಸುವುದು, ಮೂಗಿಗೆ ಚುರುಕು ಕಡಿಮೆಯಾಗಿ ಒಳಗಿನದು ಬಿಚ್ಚಿಕೊಳ್ಳುತ್ತದೆ. ಡಿಂಪಲ್ ಮೃದು ಸ್ವಭಾವದ್ದು. ಹೇಗ್ ಕಂಪನಿಯೊಂದಿಗೆ ಗುರುತಿಸಿಕೊಂಡ ಮಾಲ್ಟ್ ಎಡಿನ್‌ಬರೊ ಬಳಿಯ ಗ್ಲೆನ್‌ಕಿಂಚಿ, ಹಗುರ ವಿಸ್ಕಿ. ಜೇನು, ಹುರಿದ ಧಾನ್ಯ, ಹಿಂದೆ ಎಲ್ಲೋ ತೆಳು ಹೊಗೆ ನಿರೀಕ್ಷಿಸಿ. ಐಸ್, ಸೋಡಾ ಬೇಡ ಎನ್ನುವುದು ನನ್ನ ಅಭಿಪ್ರಾಯ. ಐವತ್ತು ವರ್ಷದ ಹಿಂದಿನ ಮಿಶ್ರಣದ ರುಚಿ ಮತ್ತೆ ಸಿಗುವುದಿಲ್ಲ, ಅದನ್ನು ತಣ್ಣಗೆ ಮಾಡಿ ಮುಚ್ಚಿಹಾಕಬಾರದು.

ಬೆಲೆಯ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಅಮೆರಿಕದಲ್ಲಿ ಪಿಂಚ್ ಆ ಕಾಲದ ಮೆಚ್ಚಿನ ಉಡುಗೊರೆ, ತೆಗೆಯದೆ ಉಳಿದ ಬಾಟಲಿಗಳು ಬೇಕಾದಷ್ಟಿವೆ. ಹರಾಜಿನಲ್ಲಿ ದೊಡ್ಡ ಹಣ ಹೋಗುವುದು ಮುಚ್ಚಿಹೋದ ಡಿಸ್ಟಿಲರಿಗಳ ಸಿಂಗಲ್ ಮಾಲ್ಟಿಗೆ. ಮೇಲಾಗಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ಮಾರುವಂತಿಲ್ಲ, ಒಂದೇ ಬಾಟಲಿ ಆದರೂ. ಇಟ್ಟುಕೊಳ್ಳುವುದಾದರೆ ನೇರ ನಿಲ್ಲಿಸಿ, ವೈನಿನಂತೆ ಮಲಗಿಸಬೇಡಿ, ಶೇ. 43ರ ಮದ್ಯ ಬಿರಡೆಯನ್ನು ತಿಂದುಹಾಕುತ್ತದೆ. ಬಿಸಿಲು ತಾಗದ, ಅಡುಗೆಮನೆಯ ಬಿಸಿ ಇಲ್ಲದ ಕಪಾಟು ಸಾಕು, ಫ್ರಿಜ್ ಬೇಡ. ತೆಗೆದ ಮೇಲೆ ಅರ್ಧಕ್ಕಿಂತ ಕಡಿಮೆಯಾದರೆ ಕತ್ತಿನ ಮಟ್ಟಕ್ಕೆ ತುಂಬುವಂಥ ಚಿಕ್ಕ ಬಾಟಲಿಗೆ ಬದಲಾಯಿಸಿ, ಆರು ತಿಂಗಳೊಳಗೆ ಮುಗಿಸಿ. ಖಾಲಿ ಬಾಟಲಿಯನ್ನು ಅಮೆರಿಕದವರು ಚಿಲ್ಲರೆ ಕಾಸು ಹಾಕಲು, ಮೇಜಿನ ದೀಪ ಮಾಡಲು ಬಳಸುತ್ತಿದ್ದರು. ನೀವೂ ಇಟ್ಟುಕೊಳ್ಳಿ, ಆದರೆ ತೊಳೆಯುವಾಗ ತಂತಿಯನ್ನು ನೀರಿನಲ್ಲಿ ನೆನೆಯಲು ಬಿಡಬೇಡಿ, ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ.